ಕುಣಿದವರಿಗೆ ಹಾರ, ಕೆತ್ತಿದವರಿಗೆ?

ಬೆಂಗಳೂರಿನ ಕಾವೇರಿ ಎಂಪೋರಿಯಂ ಒಳಗೆ ಒಂದು ಸುತ್ತು ಹಾಕಿದರೆ ಅರ್ಧ ಕರ್ನಾಟಕ ನೋಡಿದ ಹಾಗಾಗುತ್ತದೆ. ಚನ್ನಪಟ್ಟಣದ ಅರಗಿನ ಬೊಂಬೆ, ಬೀದರಿನ ಬಿದ್ರಿ, ಮೈಸೂರಿನ ಬೀಟೆಮರದ ಕುಸುರಿ, ಸಾಗರ ಸೊರಬದ ಗಂಧದ ಕೆತ್ತನೆ, ಕಿನ್ನಾಳದ ಬಣ್ಣದ ಗೊಂಬೆ, ಎಲ್ಲಕ್ಕೂ ಊರಿನ ಹೆಸರೇ ವಿಳಾಸ. ತಿಪಟೂರಿನ ಹೆಸರನ್ನು ಮಾತ್ರ ಅಲ್ಲಿ ಕೇಳಬೇಡಿ. ತಿಪಟೂರು ಎಂದರೆ ಕೊಬ್ಬರಿ, ಮುಗಿಯಿತು. ಹೊನ್ನವಳ್ಳಿ ಎಂದರೆ ಸಿನಿಮಾ ನೋಡುವವರಿಗೆ ಹಾಸ್ಯನಟ ಹೊನ್ನವಳ್ಳಿ ಕೃಷ್ಣ. ರೈಲಿನಲ್ಲಿ ಓಡಾಡುವವರಿಗೆ ತಿಪಟೂರು ಬಿಟ್ಟು ಅರಸೀಕೆರೆ ಸೇರುವ ಮೊದಲು ಸರಿದುಹೋಗುವ ಹೊನ್ನವಳ್ಳಿ ರೋಡ್ ಎಂಬ ಸಣ್ಣ ನಿಲ್ದಾಣ.

ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿದ್ದ ಊರು ಇದು, ಈಗ ತಿಪಟೂರು ತಾಲ್ಲೂಕಿನ ಒಂದು ಹೋಬಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ.ಎಲ್. ರೈಸ್ ಮೈಸೂರಿನ ಗ್ಯಾಜೆಟಿಯರ್ ಬರೆಯುವಾಗ ಹೊನ್ನವಳ್ಳಿಯ ಸುತ್ತಲಿನ ತೆಂಗಿನ ತೋಟಗಳನ್ನೂ, ಅಲ್ಲಿನ ‘ಗಂಗಾಪಾನಿ’ ಎಂಬ ತಳಿಯ ಎಳನೀರಿನ ರುಚಿಯನ್ನೂ ಮರೆಯದೆ ದಾಖಲಿಸಿದ. ತೋಟದ ಕಾಯಿ ಪುಸ್ತಕ ಸೇರಿತು. ಆ ತೋಟದ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದವರು, ಗ್ರಾಮದೇವತೆಯ ಗುಡಿಗೆ ಮುಖ ಕೆತ್ತುತ್ತಿದ್ದವರು, ಆಟದ ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದವರು ಯಾವ ಪುಸ್ತಕಕ್ಕೂ ಸರಿಯಾಗಿ ಬರಲಿಲ್ಲ.

ಹಾಗೆಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೈಕಸುಬು ಇರಲಿಲ್ಲವೆಂದಲ್ಲ. ಇತ್ತು, ಅಷ್ಟಿಷ್ಟು ಈಗಲೂ ಇದೆ. ಆದರೆ ಅದು ಪೇಟೆಗೆ ಹೋಗುವ ಸರಕಾಗಲಿಲ್ಲ. ಚನ್ನಪಟ್ಟಣದ ಬೊಂಬೆಯನ್ನು ಯಾರು ಬೇಕಾದರೂ ಕೊಂಡು ಯಾವ ಮನೆಯಲ್ಲಿ ಬೇಕಾದರೂ ಇಡಬಹುದು. ಇಲ್ಲಿನ ವಸ್ತುಗಳು ಹಾಗಲ್ಲ. ಒಂದೋ ತೋಟಕ್ಕೆ ದುಡಿದು ಸವೆದು ತಿಪ್ಪೆ ಸೇರುವಂಥವು, ಇಲ್ಲವೇ ಒಂದು ದೇವರಿಗೆ, ಒಂದು ಊರಿಗೆ ಸೇರಿದವು. ಎರಡನ್ನೂ ಗಾಜಿನ ಕಪಾಟಿನಲ್ಲಿಟ್ಟು ಬೆಲೆಚೀಟಿ ಅಂಟಿಸಲು ಬರುವುದಿಲ್ಲ.

ಹಗ್ಗದಿಂದ ಶುರುಮಾಡೋಣ. ಬಲಿತು ಇಳಿಸಿದ ಕಾಯಿ ಇಲ್ಲಿ ಸಿಪ್ಪೆಸಮೇತ ಅಟ್ಟ ಏರುತ್ತದೆ. ಹತ್ತು ಹನ್ನೊಂದು ತಿಂಗಳು, ಕೆಲವರ ಮನೆಯಲ್ಲಿ ವರ್ಷಪೂರ್ತಿ, ಅಲ್ಲೇ ಬಿದ್ದಿರುತ್ತದೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಟ್ಟುಕೊಳ್ಳಬೇಕು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು ತೆಗೆದರೆ ಇಡಿಯಾದ ಉಂಡೆ ಕೊಬ್ಬರಿ. ಕೊಬ್ಬರಿಗಾಗಿ ಮಾಡಿಕೊಂಡ ಈ ಪದ್ಧತಿಯೇ ನಾರಿನ ಗುಣವನ್ನೂ ತೀರ್ಮಾನಿಸಿತು. ಕೇರಳದ ಹಿನ್ನೀರಿನ ಊರುಗಳಲ್ಲಿ ಹಸಿ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುತ್ತಾರೆ. ಆ ನಾರು ಹೊಂಬಣ್ಣ, ಮೆದು, ಸಣ್ಣಗೆ ನೂಲಲು ಬರುತ್ತದೆ. ಆಲಪ್ಪುಳದ ಚಾಪೆ ಪ್ರಪಂಚ ಸುತ್ತಿದ್ದು ಆ ಮೆದು ನಾರಿನಿಂದ. ನಮ್ಮದು ಅಟ್ಟದ ಮೇಲೆ ಒಣಗಿ ಕಂದಾದ ಸಿಪ್ಪೆ. ನಾರು ಗಡುಸು, ಅಂಗೈ ಕೀಳುತ್ತದೆ. ಹಾಸಿಗೆಗೆ ತುಂಬಲು, ಕುಂಚ ಕಟ್ಟಲು, ಎತ್ತು ಕಟ್ಟುವ ಹಗ್ಗ ಹೊಸೆಯಲು ಲಾಯಕ್ಕು. ಕೊಬ್ಬರಿಯಲ್ಲಿ ಹೆಸರು ಮಾಡಿದ ಸೀಮೆ ಚಾಪೆಯಲ್ಲಿ ಹೆಸರು ಮಾಡದಿದ್ದುದಕ್ಕೆ ಒಂದು ಕಾರಣ ಅಟ್ಟದ ಮೇಲೇ ಇದೆ.

ಯಂತ್ರ ಬರುವ ಮೊದಲು ಸಿಪ್ಪೆಯನ್ನು ಕೆರೆಯಂಚಿನ ಗುಂಡಿಯಲ್ಲಿ ನೆನೆಹಾಕಿ, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಬಡಿದು, ಪುಡಿ ಉದುರಿಸಿ ನಾರು ಬಿಡಿಸುತ್ತಿದ್ದರು. ಹೆಂಗಸರು ಕೂತು ಅದನ್ನು ಅಂಗೈಯಲ್ಲಿ ಹೊಸೆದು ಹುರಿ ಮಾಡುತ್ತಿದ್ದರು. ಹುರಿಯಿಂದ ಹಗ್ಗ ಮಾಡುವುದು ನಿಂತು ಮಾಡುವ ಕೆಲಸ. ರಾಟೆಯ ಮೂರು ಕೊಕ್ಕೆಗೆ ಮೂರು ಹುರಿ ಸಿಕ್ಕಿಸಿ ಒಬ್ಬ ತಿರುಗಿಸುತ್ತಾನೆ. ಆ ತುದಿಯಲ್ಲಿ ಇನ್ನೊಬ್ಬ ಮೂರನ್ನೂ ಸೇರಿಸಿ ಹಿಡಿದಿರುತ್ತಾನೆ. ನಡುವೆ ಮೂರು ಗೀರು ಕೊರೆದ ಮರದ ತುಂಡೊಂದನ್ನು ಹಿಡಿದು ಮೂರನೆಯವನು ಮೆಲ್ಲಗೆ ರಾಟೆಯ ಕಡೆಗೆ ನಡೆಯುತ್ತಾನೆ. ಅವನ ಬೆನ್ನ ಹಿಂದೆ ಹಗ್ಗ ಹುಟ್ಟುತ್ತಾ ಬರುತ್ತದೆ. ಗುಟ್ಟು ಇರುವುದು ತಿರುಚುವ ದಿಕ್ಕಿನಲ್ಲಿ. ಹುರಿಯನ್ನು ಬಲಕ್ಕೆ ತಿರುಚಿದ್ದರೆ ಹಗ್ಗವನ್ನು ಎಡಕ್ಕೆ ತಿರುಚಬೇಕು. ಹುರಿ ಬಿಚ್ಚಿಕೊಳ್ಳಲು ಹೊರಟಷ್ಟೂ ಹಗ್ಗ ಬಿಗಿಯುತ್ತದೆ, ಹಗ್ಗ ಸಡಿಲವಾಗಲು ನೋಡಿದಷ್ಟೂ ಹುರಿ ಬಿಗಿಯುತ್ತದೆ. ಒಂದರ ಬಿಡುಗಡೆಗೆ ಇನ್ನೊಂದು ಅಡ್ಡ. ಗಂಟಿಲ್ಲದೆ, ಅಂಟಿಲ್ಲದೆ ನಿಲ್ಲುವ ಈ ಲೆಕ್ಕಾಚಾರವನ್ನು ಯಾರೂ ಶಾಲೆಯಲ್ಲಿ ಕಲಿತದ್ದಲ್ಲ.

ಆ ಹಗ್ಗ ದನದ ಕಣ್ಣಿಯಾಯಿತು, ಬಾವಿ ಹಗ್ಗವಾಯಿತು, ಹುಲ್ಲು ಹೊರುವ ಕಲ್ಲಿಯಾಯಿತು, ಅಡುಗೆಮನೆಯಲ್ಲಿ ಮಜ್ಜಿಗೆ ಗಡಿಗೆ ತೂಗುವ ನೆಲುವಾಯಿತು, ಜಾತ್ರೆಗೆ ತೇರು ಎಳೆಯಿತು. ಎರಡು ಮಳೆಗಾಲ ಕಂಡ ಕಣ್ಣಿಯನ್ನು ಯಾರೂ ಕೂಡಿಡುವುದಿಲ್ಲ. ಇಂಥದ್ದನ್ನು ‘ಕರಕುಶಲ’ ಎಂದು ಕರೆಯಬೇಕೆಂದು ಮಾಡುವವನಿಗೂ ಅನ್ನಿಸಲಿಲ್ಲ, ಬಳಸುವವನಿಗೂ ಅನ್ನಿಸಲಿಲ್ಲ. ಮದುವೆ ಮನೆಗಳಲ್ಲಿ ಕೊಬ್ಬರಿ ಬಟ್ಟಲಿನ ಕಂದು ಸಿಪ್ಪೆ ಹೆರೆದು, ಒಳಗಿನ ಬಿಳುಪಿನಲ್ಲಿ ಹೂವು, ಬಳ್ಳಿ, ಹಂಸ ಕೆತ್ತಿ ಆರತಿ ತಟ್ಟೆಯಲ್ಲಿಡುವ ಹೆಂಗಸರ ಕೆಲಸವೂ ಹೀಗೇ. ಸಣ್ಣ ಚಾಕು, ತಾಳ್ಮೆ, ಒಳ್ಳೆಯ ಕಣ್ಣು ಬೇಕು. ಬೀಗರು ನೋಡಿ ಮೆಚ್ಚಿದರೆ ಅದೇ ಸಂಭಾವನೆ. ಮದುವೆ ಮುಗಿದ ಮೇಲೆ ಕಲಾಕೃತಿ ಚಟ್ನಿಪುಡಿ ಸೇರುತ್ತದೆ. ವೈಯಕ್ತಿಕವಾಗಿ ನನಗೆ ಈ ಕಲೆಯ ಬಗ್ಗೆ ಇರುವ ಗೌರವ ಬೇರೆ ಕೆಲವು ದೊಡ್ಡ ಹೆಸರಿನ ಕಲೆಗಳ ಬಗ್ಗೆಯೂ ಇಲ್ಲ.

ತೋಟದ ಕೆಲಸ ಹೀಗಾದರೆ, ದೇವರ ಕೆಲಸದ ಕಥೆ ಇನ್ನೊಂದು ಬಗೆ. ಹಳೆ ಮೈಸೂರಿನ ಹಲವು ಗ್ರಾಮದೇವತೆಗಳಿಗೆ ಸೋಮ ಎಂಬ ಕಾವಲು ಬಂಟರಿರುತ್ತಾರೆ. ತುಮಕೂರು, ಹಾಸನ, ಮಂಡ್ಯ ಜಿಲ್ಲೆಗಳಲ್ಲಿ ಸೋಮನ ಕುಣಿತ ನೋಡದೆ ದೊಡ್ಡವರಾದ ಹಳ್ಳಿ ಹುಡುಗರು ಕಡಿಮೆ. ಯುಗಾದಿ ಕಳೆದು ಜಾತ್ರೆಗಳ ಕಾಲ ಬಂತೆಂದರೆ ಗುಡಿಯೊಳಗಿದ್ದ ಸೋಮರು ಹೊರಗೆ ಬರುತ್ತಾರೆ. ಸಾಮಾನ್ಯವಾಗಿ ಇಬ್ಬರು, ಒಬ್ಬನದು ಕೆಂಪು ಮುಖ, ಇನ್ನೊಬ್ಬನದು ಹಳದಿಯೋ ಕಪ್ಪೋ. ಮನುಷ್ಯರ ಮುಖಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಉಬ್ಬಿದ ಕಣ್ಣು, ಹುರಿಮೀಸೆ, ಕೋರೆಹಲ್ಲು. ಮುಖದ ಹಿಂದೆ ಬಿದಿರಿನ ಚೌಕಟ್ಟು ಕಟ್ಟಿ ಸೀರೆ ಹೊದಿಸಿ, ಮೇಲೆ ನವಿಲುಗರಿ ಸಿಕ್ಕಿಸುತ್ತಾರೆ. ಕೈಯಲ್ಲಿ ಬೆತ್ತ ಅಥವಾ ಕತ್ತಿ. ದೋಣು, ಮೌರಿ, ಸದ್ದೆಯ ಹಿಮ್ಮೇಳ. ಕುಣಿಯುವವರು ಹೆಚ್ಚಾಗಿ ಗಂಗೆಮತಸ್ಥರು; ಮನೆತನದಿಂದ ಬಂದ ಹಕ್ಕು ಅದು.

ಈ ಕುಣಿತದ ಬಗ್ಗೆ ಬರೆಯುವವರೆಲ್ಲ ಹೆಜ್ಜೆಯ ಬಗ್ಗೆ, ನಂಬಿಕೆಯ ಬಗ್ಗೆ ಬರೆಯುತ್ತಾರೆ. ಮುಖದ ಬಗ್ಗೆ ಒಂದು ಸಾಲು: ‘ರಕ್ತಭೂತಾಳೆ ಮರದಿಂದ ಮಾಡಿದ್ದು’. ಅಷ್ಟೇ. ಆ ಮುಖವನ್ನು ಒಮ್ಮೆ ಹಿಂದಿನಿಂದ ನೋಡಬೇಕು. ಕೆತ್ತುವವನ ಅರ್ಧ ಕೆಲಸ ಇರುವುದು ಯಾರೂ ನೋಡದ ಆ ಹಿಂಬದಿಯಲ್ಲಿ. ಮರದ ಒಳಗನ್ನು ಎಲ್ಲಿ ಎಷ್ಟು ತೋಡಬೇಕೆಂಬುದೇ ವಿದ್ಯೆ. ಹೆಚ್ಚು ಉಳಿಸಿದರೆ ಭಾರಕ್ಕೆ ಕುಣಿಯುವವನ ಕತ್ತು ಉಳಿಯುವುದಿಲ್ಲ. ಹೆಚ್ಚು ತೆಗೆದರೆ ಬಿಸಿಲಿಗೆ ಸೀಳುತ್ತದೆ. ಹೊರಗಿನ ದೊಡ್ಡ ಕಣ್ಣುಗಳು ನೋಡುವವರಿಗಾಗಿ. ಒಳಗಿನ ಮನುಷ್ಯ ನೋಡಲು, ಉಸಿರಾಡಲು ಸಣ್ಣ ತೂತುಗಳು ಬೇರೆಯೇ ಬೇಕು. ಅವು ಕುಣಿಯುವವನ ಕಣ್ಣಿಗೆ ಸರಿಯಾಗಿ ಕೂರದಿದ್ದರೆ ತೇರಿನ ಬೀದಿಯಲ್ಲಿ ಸೋಮ ಎಡವುತ್ತಾನೆ. ಬಣ್ಣ ಬಿದ್ದು, ಪೂಜೆಯಾಗಿ, ಪ್ರಾಣ ತುಂಬಿದ ಮೇಲೆ ಅದು ಮರವಲ್ಲ, ದೇವರು. ಕೆತ್ತಿದವನೂ ಆಮೇಲೆ ಅದಕ್ಕೆ ಕೈಮುಗಿಯಬೇಕು. ಅಲ್ಲಿಗೆ ಅವನ ಹೆಸರಿನ ಕಥೆ ಮುಗಿಯಿತು. ದೇವರ ಮೇಲೆ ಯಾರು ಸಹಿ ಹಾಕುತ್ತಾರೆ?

ಇಲ್ಲಿ ಲೆಕ್ಕದ ಮಾತೂ ಒಂದಿದೆ. ಒಂದು ಊರಿಗೆ ಒಂದು ಜೊತೆ ಮುಖ. ಒಂದು ಜೊತೆ ಚೆನ್ನಾಗಿ ನೋಡಿಕೊಂಡರೆ ಒಂದು ತಲೆಮಾರು ದಾಟುತ್ತದೆ, ನಡುವೆ ಬಣ್ಣ ಬಳಿಸಿದರೆ ಸಾಕು. ಎಂದರೆ ಸುತ್ತ ನೂರು ಊರಿದ್ದರೂ ಕೆತ್ತುವವನಿಗೆ ವರ್ಷಕ್ಕೆ ಬರುವ ಕೆಲಸ ಬೆರಳೆಣಿಕೆಯದು. ಇದರಿಂದಲೇ ಯಾರೂ ಹೊಟ್ಟೆ ಹೊರೆಯಲಾರರು. ಹಿಂದೆ ಬಡಗಿ ಊರ ಆಯಗಾರನಾಗಿದ್ದ. ನೇಗಿಲು, ಕುಂಟೆ, ಗಾಡಿ ಚಕ್ರ ಮಾಡಿಕೊಡುತ್ತಿದ್ದ, ಸುಗ್ಗಿಯಲ್ಲಿ ಕಣದ ಹತ್ತಿರ ರಾಗಿ ಪಡೆಯುತ್ತಿದ್ದ. ನೇಗಿಲು ಅವನನ್ನು ಸಾಕಿತು, ಸೋಮನ ಮುಖ ಅವನ ಮರ್ಯಾದೆ ಹೆಚ್ಚಿಸಿತು. ಟ್ರ್ಯಾಕ್ಟರು ನೇಗಿಲನ್ನು ತೆಗೆದುಕೊಂಡು ಹೋದಾಗ ಸೋಮನ ಮುಖ ಕೆತ್ತುವ ಕೈಯೂ ಅದರ ಹಿಂದೆ ಹೋಯಿತೆಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ಜಾನಪದ ಕಲೆ ಅಳಿಯುತ್ತಿದೆ ಎನ್ನುವ ಭಾಷಣಗಳಲ್ಲಿ ಟಿವಿ, ಮೊಬೈಲನ್ನು ಬೈಯುವುದು ರೂಢಿ. ಟ್ರ್ಯಾಕ್ಟರನ್ನು ಬೈದವರನ್ನು ನಾನು ಕಂಡಿಲ್ಲ.

ದೇವರನ್ನು ಅಡ್ಡೆಯ ಮೇಲೆ ಕೂರಿಸಿ ಕುಣಿಸುವುದೂ ಈ ಸೀಮೆಯ ದೊಡ್ಡ ಸಂಭ್ರಮ. ತಿಪಟೂರಿಗೆ ಹತ್ತಿರದ ದಸರೀಘಟ್ಟದ ಚೌಡೇಶ್ವರಿ ಹೀಗೆ ಹೊತ್ತಾಗ ಅಕ್ಷರ ಬರೆದು ಉತ್ತರ ಕೊಡುತ್ತಾಳೆಂದು ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ. ಬರೆಯುವುದು ನಿಜವೋ ಅಲ್ಲವೋ ಎಂಬ ವಾದ ಆಗಾಗ ಟಿವಿಯಲ್ಲೂ ನಡೆಯುತ್ತದೆ. ಹೊತ್ತವರ ಹೆಜ್ಜೆಗೆ ಬಾಗುತ್ತಾ, ಬಳುಕುತ್ತಾ ಮುರಿಯದೆ ನಿಲ್ಲುವ ಅಡ್ಡೆ ಮಾಡಿದ ಬಡಗಿಯ ಬಗ್ಗೆ, ಸೀರೆಯ ನೆರಿಗೆ ಅಷ್ಟು ಕುಣಿತಕ್ಕೂ ಕದಲದ ಹಾಗೆ ಉಡಿಸುವ ಪೂಜಾರಿಯ ಕೈಚಳಕದ ಬಗ್ಗೆ ಯಾರೂ ವಾದ ಮಾಡುವುದಿಲ್ಲ.

ಇನ್ನು ಮೂಡಲಪಾಯ. ಯಕ್ಷಗಾನ ಎಂದೊಡನೆ ಕರಾವಳಿ ನೆನಪಾಗುವುದು ಸಹಜ. ಆದರೆ ಬಯಲುಸೀಮೆಗೆ ತನ್ನದೇ ಯಕ್ಷಗಾನವಿದೆ, ಅದಕ್ಕೆ ಮೂಡಲಪಾಯವೆಂಬ ಹೆಸರನ್ನು ಓದುಬಲ್ಲವರ ನಡುವೆ ನೆಲೆಗೊಳಿಸಿ, ಅದರ ಪ್ರಸಂಗ, ಸಂಗೀತ, ವೇಷಗಳನ್ನು ಊರೂರು ಅಲೆದು ಕೂಡಿಹಾಕಿದವರು ಜೀ.ಶಂ. ಪರಮಶಿವಯ್ಯ. ನಾಗಮಂಗಲ ಸೀಮೆಯ ಈ ವಿದ್ವಾಂಸರು ಮೂಡಲಪಾಯದ ಕಲಿಕೆಗೆ ನೆಲೆಯನ್ನು ಕಟ್ಟಿದ್ದು ನಮ್ಮ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ. ಪಕ್ಕದ ಅರಳಗುಪ್ಪೆಯಲ್ಲೂ ಆಟದ ಪರಂಪರೆ ಗಟ್ಟಿಯಾಗಿತ್ತು. ಇದು ಹೊಟ್ಟೆಪಾಡಿನ ಮೇಳವಲ್ಲ. ಸುಗ್ಗಿ ಮುಗಿದ ಮೇಲೆ ಭಾಗವತರನ್ನು ಊರಿಗೆ ಕರೆಸಿ, ರಾತ್ರಿಯ ಹೊತ್ತು ತಿಂಗಳುಗಟ್ಟಲೆ ತಾಲೀಮು ಮಾಡಿ, ಒಂದು ರಾತ್ರಿ ಬೆಳಗಿನವರೆಗೆ ಆಡುವ ರೈತರ ಆಟ. ‘ಕರಿಬಂಟನ ಕಾಳಗ’ದಂಥ ಪ್ರಸಂಗವನ್ನು ಎಷ್ಟು ಸಲ ನೋಡಿದ್ದರೂ ಜನ ಮತ್ತೆ ಕಂಬಳಿ ಹೊದ್ದು ಬಂದು ಕೂರುತ್ತಿದ್ದರು.

ಮೂಡಲಪಾಯದ ವೇಷ ನೋಡಿದವರಿಗೆ ಗೊತ್ತು, ಅದು ಬಟ್ಟೆಗಿಂತ ಹೆಚ್ಚಾಗಿ ಮರಗೆಲಸ. ಕಿರೀಟ, ಭುಜಕೀರ್ತಿ, ಎದೆಕಟ್ಟು, ನಡುಪಟ್ಟಿ ಎಲ್ಲ ಹಗುರ ಮರದಲ್ಲಿ ಕೊರೆದು, ಮೇಲೆ ಬಣ್ಣ ಬಳಿದು, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದವು. ಕನ್ನಡಿ ಚೂರು ಬರೀ ಶೃಂಗಾರಕ್ಕಲ್ಲ. ಕರೆಂಟಿಲ್ಲದ ಕಾಲದಲ್ಲಿ ಪಂಜಿನ ಬೆಳಕು, ಆಮೇಲೆ ಗ್ಯಾಸ್‌ಲೈಟು. ಬೆಳಕು ಒಂದೇ ಕಡೆಯಿಂದ, ಅದೂ ಅಲುಗಾಡುತ್ತಾ ಬರುತ್ತದೆ. ವೇಷಧಾರಿ ಒಂದು ಸುತ್ತು ತಿರುಗಿದರೆ ಆ ನೂರಾರು ಚೂರುಗಳು ಬೆಳಕನ್ನು ಒಡೆದು ಹಿಂದಿನ ಸಾಲಿನವರೆಗೂ ಎಸೆಯುತ್ತವೆ. ಇಂದಿನ ಎಲ್‌ಇಡಿ ದೀಪದ ಕೆಳಗೆ ಅದೇ ಕಿರೀಟ ಸಪ್ಪೆಯಾಗಿ ಕಾಣುವುದು ಅದನ್ನು ಮಾಡಿದವನ ತಪ್ಪಲ್ಲ.

ಈ ಆಟ ಹಿಂದೆ ಸರಿದದ್ದು ಟಿವಿಯಿಂದಲ್ಲ, ನಾಟಕದಿಂದ. ಅದೂ ಪಕ್ಕದ ಗುಬ್ಬಿಯಿಂದಲೇ ಹೊರಟ ನಾಟಕ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ಬೆಳೆದು, 1930ರ ದಶಕದಲ್ಲಿ ‘ಕುರುಕ್ಷೇತ್ರ’ವನ್ನು ನಿಜವಾದ ಆನೆ ಕುದುರೆಗಳೊಂದಿಗೆ ರಂಗದ ಮೇಲೆ ತಂದಿತು. ನೋಡಿದ ಹಳ್ಳಿಗಳಿಗೆ ಹುಚ್ಚು ಹಿಡಿಯಿತು. ಭಾಗವತರ ಜಾಗಕ್ಕೆ ಹಾರ್ಮೋನಿಯಂ ಮೇಷ್ಟ್ರು ಬಂದರು. ಮನೆಯ ಮರದ ಕಿರೀಟದ ಜಾಗಕ್ಕೆ ತಿಪಟೂರಿನಿಂದಲೋ ತುಮಕೂರಿನಿಂದಲೋ ಬಾಡಿಗೆಗೆ ಬರುವ ‘ಡ್ರೆಸ್ಸು, ಸೀನರಿ’ ಬಂತು. ಈಗಲೂ ಈ ಜಿಲ್ಲೆಯಲ್ಲಿ ದುರ್ಯೋಧನನ ಪಾತ್ರಕ್ಕೆ ಕೈಯಿಂದ ಹಣ ಕೊಟ್ಟು ಕುಣಿಯುವ ಗೌಡರಿದ್ದಾರೆ. ಆ ಹುಮ್ಮಸ್ಸನ್ನು ನಾನು ಹಗುರವಾಗಿ ಕಾಣುವವನಲ್ಲ, ಅದೂ ಒಂದು ಜನಪದ ಕಲೆಯೇ. ಆದರೆ ಬಾಡಿಗೆ ಡ್ರೆಸ್ಸು ಬಂದ ದಿನ ಊರೊಳಗೆ ಕಿರೀಟ ಮಾಡುವವನ ಅಗತ್ಯ ತೀರಿತು. ಹಾರ್ಮೋನಿಯಂ ಬಂದ ದಿನ ಆಟಕ್ಕೆ ಊದುತ್ತಿದ್ದ ಮುಖವೀ​ಣೆಯವನ ಅಗತ್ಯ ತೀರಿತು. ಮೂಡಲಪಾಯವನ್ನು ಇಂದು ಮತ್ತೆ ಕಲಿಸಲು ಹೊರಟವರಿಗೆ ಹಾಡು ಸಿಗುತ್ತದೆ, ಹೆಜ್ಜೆ ಸಿಗುತ್ತದೆ, ಕುಣಿಯುವ ಹುಡುಗರೂ ಸಿಗುತ್ತಾರೆ. ಮುಖವೀಣೆ ಮಾಡುವ, ಅದರ ಊದುವ ತುದಿಯನ್ನು ಹದವಾಗಿ ಕಟ್ಟುವ ಕೈ ಹುಡುಕುವುದೇ ಕಷ್ಟ.

ಚರ್ಮವಾದ್ಯಗಳ ಪಾಡೂ ಇದೇ. ತಮಟೆಗೆ ಬೆಂಕಿ ತೋರಿಸಿ ಹದ ಮಾಡಿಕೊಳ್ಳುವ ದೃಶ್ಯ ಜಾತ್ರೆಗಳಲ್ಲಿ ಅಪರೂಪವಾಗುತ್ತಿದೆ, ಏಕೆಂದರೆ ಚರ್ಮದ ಜಾಗಕ್ಕೆ ಫೈಬರ್ ಹಾಳೆ ಬಂದಿದೆ. ಮಳೆ ಬಂದರೂ ನುಡಿಯುತ್ತದೆ, ಬೆಂಕಿ ಬೇಡ, ತೊಗಲು ಹದಮಾಡುವ ಕೆಲಸಕ್ಕೆ ಅಂಟಿಸಿದ್ದ ಅವಮಾನವೂ ಇಲ್ಲ. ಕೊನೆಯ ಕಾರಣವನ್ನು ಕಲಾಪ್ರೇಮಿಗಳು ಮರೆಯುತ್ತಾರೆ. ನಾದ ಕೆಟ್ಟಿತು ಎಂದು ಮರುಗುವ ಮೊದಲು, ಆ ನಾದಕ್ಕಾಗಿ ಊರು ಯಾರನ್ನು ಹೊರಗಿಟ್ಟಿತ್ತು ಎಂಬುದನ್ನೂ ನೆನೆಯಬೇಕಾಗುತ್ತದೆ.

ಚಿಕ್ಕನಾಯಕನಹಳ್ಳಿ ಕಡೆ ಹೋದರೆ ತೋಟ ತೆಳುವಾಗಿ ಕುರಿಯ ಸೀಮೆ ಶುರುವಾಗುತ್ತದೆ. ಅಲ್ಲಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ದೈವ ಜುಂಜಪ್ಪನ ಕಾವ್ಯಕ್ಕೆ ಜೊತೆಯಾಗುವ ಗಣೆ, ಉದ್ದನೆಯ ಬಿದಿರಿನ ಕೊಳಲು, ಬರೀ ವಾದ್ಯವಲ್ಲ, ಪೂಜೆಗೊಳ್ಳುವ ವಸ್ತು. ಕುರುಬರ ಕಂಬಳಿಯದು ಇನ್ನೊಂದು ಕಥೆ: ಕುಳಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ ಕರಿಕಂಬಳಿ ಮಳೆಗೂ ಚಳಿಗೂ ಒದಗುತ್ತಿತ್ತು. ಹೊದೆಯಲು ಅದನ್ನು ಕೊಳ್ಳುವವರು ಕಡಿಮೆಯಾದರು. ದೇವರ ಗದ್ದುಗೆಗೆ ಹಾಸಲು ಮಾತ್ರ ಇನ್ನೂ ಕರಿಕಂಬಳಿಯೇ ಆಗಬೇಕು. ದೇವರು ಗಿರಾಕಿಯಾಗಿ ಉಳಿದದ್ದರಿಂದ ಮಗ್ಗ ಪೂರ್ತಿ ನಿಲ್ಲಲಿಲ್ಲ.

ಹೆಸರಿಲ್ಲದ ಕೈಗಳ ಈ ಮಾತಿಗೆ ಒಂದು ಒಳ್ಳೆಯ ಅಪವಾದ ಅರಳಗುಪ್ಪೆಯಲ್ಲೇ ಇದೆ. ಮೂಡಲಪಾಯದ ಊರು ಎಂದೆನಲ್ಲ, ಅದೇ ಊರಿನ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯಲ್ಲಿ, 13ನೆಯ ಶತಮಾನದ ಮೂರ್ತಿಗಳ ಕೆಳಗೆ ಹೊನೋಜ ಎಂಬ ರೂವಾರಿ ತನ್ನ ಹೆಸರು ಕೊರೆದಿದ್ದಾನೆ. ಅಲ್ಲೇ ಹತ್ತಿರದಲ್ಲಿ ಅದಕ್ಕೂ ಮೂರು ನಾಲ್ಕು ಶತಮಾನ ಹಿಂದಿನ ಕಲ್ಲೇಶ್ವರ ಗುಡಿಯ ಒಳಮಾಳಿಗೆಯಲ್ಲಿ ದಿಕ್ಪಾಲಕರ ನಡುವೆ ಶಿವ ಕುಣಿಯುತ್ತಿದ್ದಾನೆ. ಕತ್ತೆತ್ತಿ ನೋಡಿದರೆ ಕತ್ತು ಇಳಿಸಲು ಮನಸ್ಸಾಗದು. ಕಲ್ಲಿನ ಖ್ಯಾತಿಗೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ತುರುವೇಕೆರೆಯ ಗಂಗಾಧರೇಶ್ವರ ಗುಡಿಯ ಕರಿಕಲ್ಲಿನ ನಂದಿಯ ನುಣುಪು ಇಂದಿಗೂ ಮುಖ ಕಾಣುವಷ್ಟಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ತನ್ನ ತಂದೆಗೆ ಕಟ್ಟಿಸಿದ ಗುಂಬಜ್‌ನ ಕಪ್ಪು ಕಂಬಗಳ ಕಲ್ಲೂ ತುರುವೇಕೆರೆ ಕಡೆಯದೇ ಎಂದು ಹಳೆಯ ಗ್ಯಾಜೆಟಿಯರ್ ಹೇಳುತ್ತದೆ. ಕಲ್ಲಿನಲ್ಲಿ ಕೆತ್ತಿದವನಿಗೆ ಏಳುನೂರು ವರ್ಷದ ಹಿಂದೆಯೇ ಹೆಸರು ಬರೆಯುವ ಧೈರ್ಯ ಇತ್ತು. ಅವನ ಯಜಮಾನ ಅದಕ್ಕೆ ಒಪ್ಪಿಯೂ ಇದ್ದ. ಮರದಲ್ಲಿ, ನಾರಿನಲ್ಲಿ, ತೊಗಲಿನಲ್ಲಿ ಮಾಡಿದವನಿಗೆ ಆ ಅವಕಾಶ ಬರಲೇ ಇಲ್ಲ.

ಇವತ್ತು ನೆರವಿಲ್ಲವೆಂದಲ್ಲ. ಜಾನಪದ ಅಕಾಡೆಮಿ ಇದೆ, ಬಯಲಾಟಕ್ಕೆ ಬೇರೆಯೇ ಅಕಾಡೆಮಿ ಇದೆ, ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲಿ ಪ್ರತಿವರ್ಷ ಜಾನಪದಕ್ಕೊಂದು ಪಾಲಿದೆ, ವೃದ್ಧ ಕಲಾವಿದರಿಗೆ ಮಾಸಾಶನವಿದೆ. ಅವು ಬಹುಪಾಲು ತಲುಪುವುದು ಹಾಡುವವರಿಗೆ, ಕುಣಿಯುವವರಿಗೆ. ಅದು ಅವರಿಗೆ ಸಲ್ಲಬೇಕಾದದ್ದೇ. ಸೋಮ ಕುಣಿಯುವವನಿಗೆ ಶಾಲು ಹೊದಿಸಿ ಫೋಟೊ ತೆಗೆಯುವಾಗ ಅವನ ಮುಖದ ಮೇಲಿರುವುದು ಮಾತ್ರ ಇನ್ನೊಬ್ಬನ ಕೆಲಸ. ಹಗ್ಗದ ವಿಷಯಕ್ಕೆ ಬಂದರೆ, 1953ರ ಕಾಯ್ದೆಯಡಿ ಹುಟ್ಟಿದ ನಾರು ಮಂಡಳಿ ಇದೆ. ಈ ತಾಲ್ಲೂಕುಗಳಲ್ಲಿ ಹೆಂಗಸರ ನಾರಿನ ಸಹಕಾರ ಸಂಘಗಳು ನಡೆದಿವೆ, ಮುಗ್ಗರಿಸಿವೆ, ಮತ್ತೆ ಎದ್ದಿವೆ. ಅವುಗಳ ಏಳುಬೀಳು ಕಾಯಿಯ ಬೆಲೆಗೆ ಕಟ್ಟುಬಿದ್ದಿದೆ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2025ಕ್ಕೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಆ ವರ್ಷ ತಿಪಟೂರು ಮಾರುಕಟ್ಟೆ ಅದರ ಎರಡು ಪಟ್ಟನ್ನೂ ದಾಟಿ ಹೋಯಿತು. ರೈತರು ನಕ್ಕರು. ಆದರೆ ಎಳನೀರಿಗೂ ಒಳ್ಳೆಯ ಬೆಲೆ ಬಂದಾಗ ಕಾಯಿ ಎಳತರಲ್ಲೇ ಲಾರಿ ಏರುತ್ತದೆ, ಅಟ್ಟ ಖಾಲಿ ಉಳಿಯುತ್ತದೆ. ಅಟ್ಟ ಏರದ ಕಾಯಿ ಊರಿನ ರಾಟೆಗೆ ನಾರು ಕೊಡುವುದಿಲ್ಲ. ಇದರ ಜೊತೆಗೆ ನೈಲಾನ್ ಹಗ್ಗ. ಅಗ್ಗ, ಬಾಳಿಕೆ ಹೆಚ್ಚು. ಎತ್ತಿನ ಕುತ್ತಿಗೆ ಉಜ್ಜಿ ಗಾಯವಾದಾಗ ಮಾತ್ರ ನಾರಿನ ಕಣ್ಣಿಯ ನೆನಪಾಗುತ್ತದೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಪಟ್ಟಿ ಮಾಡಿದೆ. ತರಬೇತಿ, ಉಪಕರಣಕ್ಕೆ ಹಣ, ಕಡಿಮೆ ಬಡ್ಡಿಯ ಸಾಲ ಎಲ್ಲ ಉಂಟು. ಪಟ್ಟಿ ತೆಗೆದು ನಮ್ಮ ಸೀಮೆಯ ಕಣ್ಣಿನಲ್ಲಿ ಓದಿದೆ. ಬುಟ್ಟಿ, ಚಾಪೆ, ಪೊರಕೆ ಮಾಡುವವರ ಜೊತೆಯಲ್ಲಿ ನಾರು ನೇಯುವವರ ಹೆಸರಿದೆ, ಸಂತೋಷ. ಕಲ್ಲು ಕೆತ್ತುವವನಿದ್ದಾನೆ, ಬಡಗಿ ಇದ್ದಾನೆ, ಬೊಂಬೆ ಮಾಡುವವನಿದ್ದಾನೆ. ವಾದ್ಯ ಮಾಡುವವನಿಲ್ಲ, ಕಂಬಳಿ ನೇಯುವವನಿಲ್ಲ, ಮುಖ ಕೆತ್ತುವವನಿಲ್ಲ. ಸೋಮನ ಮುಖ ಕೆತ್ತುವವನೊಬ್ಬ ಅರ್ಜಿ ಹಾಕಬೇಕೆಂದರೆ ಬಡಗಿ ಎಂದು ಬರೆಸಬೇಕು, ಇಲ್ಲವೇ ಬೊಂಬೆ ಮಾಡುವವ ಎಂದು ಬರೆಸಬೇಕು. ಬಡಗಿ ಎಂದರೆ ಅವನು ಒಪ್ಪಿಯಾನು. ಸೋಮನನ್ನು ಬೊಂಬೆ ಎಂದು ಬರೆಸಿ ಅದಕ್ಕೆ ಸಹಿ ಹಾಕು ಎಂದರೆ, ಜಾತ್ರೆ ಹತ್ತಿರವಿರುವಾಗ, ಅವನು ಅರ್ಜಿಯನ್ನು ಅಲ್ಲೇ ಬಿಟ್ಟು ಬರುವ ಸಂಭವವೇ ಹೆಚ್ಚು.